ನನ್ನ ಮೂಗಿಗೆ ಸಿಕ್ಕ ಬಡ್ತಿ

ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ, ಯಾಕೆ ಕೇಳುತ್ತಿದ್ದಾರೆ ಎಂದು ಯೋಚಿಸುವ ಅಭ್ಯಾಸ ನನಗಿಲ್ಲ. ಕೇಳಿದರಲ್ಲ, ಅಷ್ಟೇ ಸಾಕು. ಬಸ್ಸಿನಲ್ಲಿ ಪಕ್ಕದವನು ಗಂಟೆ ಎಷ್ಟಾಯಿತು ಎಂದರೆ ಗಂಟೆ ಹೇಳಿ, ಬಸ್ಸು ತಡವಾದದ್ದಕ್ಕೆ ಕಾರಣ ಹೇಳಿ, ಅವನು ಇಳಿಯುವ ಸ್ಟಾಪಿನವರೆಗೂ ಬಿಡದವನು ನಾನು. ಇದನ್ನು ದೌರ್ಬಲ್ಯ ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಪುಣೆ ಹತ್ತಿರದ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತೈದು ವರ್ಷದಿಂದ ನಟ್ಟು ಬೋಲ್ಟು ಎಣಿಸುತ್ತಿರುವವನ ಅಭಿಪ್ರಾಯ ಯಾರಿಗೆ ಬೇಕು ಹೇಳಿ? ಮನೆಯಲ್ಲಂತೂ ಕೇಳುವ ಪದ್ಧತಿಯೇ ಇರಲಿಲ್ಲ. ನನ್ನ ಹೆಂಡತಿ ಸುಮಂಗಲಾ ಗದಗಿನವಳು. ನಾನು ಹೌದೆಂದದ್ದಕ್ಕೆ ಅಲ್ಲವೆಂದು, ಅಲ್ಲವೆಂದದ್ದಕ್ಕೆ ಹೌದೆಂದು ಹೇಳುತ್ತಲೇ ಪುಣೆಯ ಸದಾಶಿವ ಪೇಠೆಯ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಸುಖವಾಗಿ ಸಂಸಾರ ಮಾಡಿದವಳು.

ಅಂಥವಳು ಕಳೆದ ದೀಪಾವಳಿಗೆ ತನಗೆ ಬಂದ ಜ್ವರ, ನೆಗಡಿ ಎಲ್ಲ ಮುಗಿದ ಮೇಲೆ ಒಂದು ದಿನ ಅಡುಗೆಮನೆಯಿಂದ ನನ್ನನ್ನು ಕರೆದಳು. "ರೀ, ಸ್ವಲ್ಪ ಬರ್ರಿ ಇಲ್ಲೆ. ಸಾರಿನ ವಾಸನಿ ನೋಡ್ರಿ, ಇಂಗು ಸಾಕಾಗ್ಯದೇನು?" ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರನ್ನೋ ಕರೆಯುತ್ತಿರಬೇಕು ಎಂದು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೋಗಿ ಪಾತ್ರೆಯ ಮೇಲೆ ಬಗ್ಗಿ, ಗಂಭೀರವಾಗಿ ಮೂಸಿ, "ಇನ್ನೊಂದು ಚಿಟಿಕಿ ಬೇಕು" ಎಂದೆ. ಅವಳು ಏನೂ ಎದುರಾಡದೆ ಇನ್ನೊಂದು ಚಿಟಿಕೆ ಹಾಕಿದಳು! ಮರುದಿನ ಮತ್ತೆ ಕರೆದಳು. ಆಮೇಲೆ ಅದೇ ರೂಢಿಯಾಯಿತು. ಹಾಲು ಕೆಟ್ಟಿದೆಯೋ ಇಲ್ಲವೋ, ತುಪ್ಪ ಹದಕ್ಕೆ ಕಾಯಿತೋ ಇಲ್ಲವೋ, ಎಲ್ಲಕ್ಕೂ ನನ್ನ ಮೂಗೇ ಪ್ರಮಾಣ. ನಾನು ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಪಕ್ಕದವರ ಡಬ್ಬಿಗಳನ್ನೂ ಮೂಸಿ ಅಭಿಪ್ರಾಯ ಕೊಡತೊಡಗಿದೆ. "ಹೆಂಡತಿಗೆ ಕಡೀಕೂ ನನ್ನ ಕಿಮ್ಮತ್ತು ಗೊತ್ತಾತು ನೋಡ್ರಿ" ಎಂದು ಹೇಳಿಕೊಂಡು ತಿರುಗಾಡಿದೆ.

ಇಲ್ಲಿ ಸುಮಂಗಲೆಯ ಮೂಗಿನ ಬಗ್ಗೆ ಒಂದು ಮಾತು ಹೇಳಬೇಕು. ನಾಲ್ಕಾರು ಸಂಸಾರಗಳಿರುವ ನಮ್ಮ ವಾಡೆಯಲ್ಲಿ ಅದು ಹೆಸರುವಾಸಿ. ಕೆಳಗಿನ ಮನೆಯ ಕಾಕೂ ಹಾಲನ್ನು ಒಲೆಯ ಮೇಲಿಟ್ಟು ಫೋನಿನಲ್ಲಿ ಮಗಳ ಜೊತೆ ಮಾತಿಗೆ ಕುಳಿತರೆ, ಎರಡನೇ ಮಹಡಿಯಿಂದ ಇವಳು "ಕಾಕೂ, ದೂಧ!" ಎಂದು ಕೂಗಿ ಎಷ್ಟೋ ಸಲ ಅವರ ಪಾತ್ರೆ ಉಳಿಸಿದ್ದಾಳೆ. ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ "ಮತ್ತ ವಡಾಪಾವ್ ತಿಂದು ಬಂದ್ರಿ ಹೌದಲ್ಲೋ?" ಎನ್ನುತ್ತಿದ್ದಳು. ಪ್ರತಿ ವರ್ಷ ಶಿವರಾತ್ರಿ ಆದ ಮೇಲೆ ಅವಳು ಮಸಾಲೆ ಖಾರ ಮಾಡುತ್ತಾಳೆ. ಬ್ಯಾಡಗಿ ಮೆಣಸಿನಕಾಯಿ, ನಾವು ಹವೀಜ ಎನ್ನುವ ಕೊತ್ತಂಬರಿ ಬೀಜ, ಲವಂಗ, ದಾಲ್ಚಿನ್ನಿ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದು, ಗಿರಣಿಯಲ್ಲಿ ಕುಟ್ಟಿಸಿ, ನಮ್ಮ ಮನೆಗೂ ಪುಣೆಯಲ್ಲೇ ಇರುವ ನನ್ನ ಇಬ್ಬರು ಅಕ್ಕಂದಿರ ಮನೆಗೂ ವರ್ಷಕ್ಕಾಗುವಷ್ಟು ತುಂಬಿಡುತ್ತಾಳೆ. ಗಡಿಯಾರ ನೋಡುವುದಿಲ್ಲ, ಬಣ್ಣವನ್ನೂ ಅಷ್ಟಾಗಿ ನೋಡುವುದಿಲ್ಲ. ವಾಸನೆ ತಿರುಗಿದ ಗಳಿಗೆಗೆ ಸರಿಯಾಗಿ ಇಳಿಸುತ್ತಾಳೆ. ಗಂಡನ ಅಕ್ಕಂದಿರಿಂದ ಬಾಯಿತುಂಬ ಹೊಗಳಿಸಿಕೊಂಡ ಹೆಂಗಸು ನನ್ನ ಬಳಗದಲ್ಲಿ ಇವಳೊಬ್ಬಳೇ.

ಈ ಚಳಿಗಾಲದಲ್ಲಿ ಒಂದು ದಿನ ನಮ್ಮ ಮನೆಯ ಹಾಲೇ ತಳ ಹತ್ತಿ ಪಾತ್ರೆ ಕರಕಾಯಿತು. ಇವಳು ಒಲೆಗೆ ಬೆನ್ನು ಮಾಡಿ, ಎರಡೇ ಮೊಳ ದೂರದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. "ಮೂಗು ಎಲ್ಲಿಟ್ಟು ಬಂದೀ?" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಪಾತ್ರೆ ತಿಕ್ಕಲು ಎದ್ದುಹೋದಳು. ತಲೆಯಲ್ಲಿ ಮೆದುಳಿದ್ದವನಿಗೆ ಅಲ್ಲಿಯೇ ಎಲ್ಲ ತಿಳಿಯಬೇಕಿತ್ತು. ನನಗೆ ತಿಳಿದದ್ದು, ನನ್ನಷ್ಟು ಸೂಕ್ಷ್ಮ ಮೂಗು ಎಲ್ಲರಿಗೂ ಇರುವುದಿಲ್ಲ ಎಂಬುದು ಮಾತ್ರ.

ಇದೇ ಹೊತ್ತಿಗೆ ಕಾರ್ಖಾನೆಯಲ್ಲಿ ನನ್ನ ಇಪ್ಪತ್ತೈದು ವರ್ಷದ ಸೇವೆಗೆ ಸನ್ಮಾನವಾಯಿತು. ಹಿಂದೆಲ್ಲ ಇಂಥ ಸಂದರ್ಭದಲ್ಲಿ ಗೋಡೆ ಗಡಿಯಾರ ಕೊಡುತ್ತಿದ್ದರು. ಹೊಸದಾಗಿ ಬಂದ ಎಚ್‌ಆರ್ ಮೇಡಂ "ವಸ್ತು ಬೇಡ, ಅನುಭವ ಕೊಡೋಣ" ಎಂದರಂತೆ. ನನ್ನ ಜೊತೆಗೇ ಸೇರಿದ ಕುಲಕರ್ಣಿಗೆ ಪ್ಯಾರಾಗ್ಲೈಡಿಂಗ್ ಬಂತು. ಅವನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಉಂಟು, ಸ್ಟೂಲಿನ ಮೇಲೆ ಹತ್ತಿ ಬಲ್ಬು ಹಾಕಲೂ ಹೆದರುತ್ತಾನೆ. ನನಗೆ ಬಂದದ್ದು ನಾರಾಯಣಗಾವ್ ಕಡೆಯ ನದಿ ಬಯಲಿನ ದ್ರಾಕ್ಷಿತೋಟ ಮತ್ತು ವೈನ್ ಪ್ರವಾಸ. ಇಡೀ ಒಂದು ದಿನ, ಇಡೀ ಒಂದು ಕಾರು, ಒಬ್ಬ ಗೈಡು, ಎಲ್ಲ ನಮ್ಮಿಬ್ಬರಿಗೇ. ನಮ್ಮ ಮನೆತನದವರು ಕೆಮ್ಮಿನ ಔಷಧವನ್ನೂ ಅನುಮಾನದಿಂದ ನೋಡಿಯೇ ಕುಡಿಯುವವರು. "ನಾವು ಅಲ್ಲಿ ಹೋಗಿ ಏನ್ ಮಾಡೋದ್ರೀ?" ಎಂದಳು ಸುಮಂಗಲಾ. "ಕುಡಿಯೋದು ಬ್ಯಾಡ, ವಾಸನಿ ನೋಡಿ ಬರೋಣ. ಅಲ್ಲಿ ಎಲ್ಲಾ ವಾಸನಿದೇ ಕೆಲಸ ಅಂತ" ಎಂದೆ. ಅವಳ ಮುಖ ಯಾಕೋ ಸಣ್ಣದಾಯಿತು. ವೈನ್ ಎಂದರೆ ಹೆದರಿದ್ದಾಳೆ ಎಂದುಕೊಂಡೆ.

ಫೆಬ್ರವರಿಯ ಒಂದು ಭಾನುವಾರ ಡುಂಬರೆ ಎಂಬವರು ಕಾರು ತಂದರು. ಐವತ್ತು ದಾಟಿದ ಗೃಹಸ್ಥ. ಅವರೇ ಡ್ರೈವರು, ಅವರೇ ಗೈಡು. ನಮ್ಮ ಓಣಿಯಲ್ಲಿ ಕೋಚಿಂಗ್ ಕ್ಲಾಸಿಗೆ ಬಂದ ಹುಡುಗರ ಸ್ಕೂಟರುಗಳು ತುಂಬಿದ್ದರಿಂದ ಕಾರು ಒಳಗೆ ಬರಲಾರದೆ, ನಾವು ನೀರಿನ ಬಾಟಲಿ, ಚಕ್ಕುಲಿ ಡಬ್ಬಿ, ಶಾಲು ಎಲ್ಲ ಹೊತ್ತುಕೊಂಡು ಮುಖ್ಯ ರಸ್ತೆಯವರೆಗೆ ನಡೆದೆವು. ಚಾಕಣ ಬಂದಾಗ ಅಭ್ಯಾಸಬಲದಿಂದ ಕಾರ್ಖಾನೆಯ ತಿರುವಿನಲ್ಲಿ ನಾನು ಬಾಗಿಲಿಗೆ ಕೈ ಹಾಕಿ ಇಳಿಯಲು ತಯಾರಾಗಿದ್ದೆ. "ಇವತ್ತು ರಜಾ ರೀ" ಎಂದು ಸುಮಂಗಲಾ ನನ್ನ ತೋಳು ಹಿಡಿದಳು. ಇಪ್ಪತ್ತೈದು ವರ್ಷ ನನ್ನ ಪಾಲಿಗೆ ಆ ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು. ಅದರಾಚೆ ಇಷ್ಟೊಂದು ಕಬ್ಬು, ಈರುಳ್ಳಿ, ಗುಡ್ಡ, ಹಸಿರು ಇದೆಯೆಂದು ಯಾರೂ ಹೇಳಿರಲಿಲ್ಲ. ಕುಕಡಿ ನದಿ ಕಂಡಾಗ ಇಬ್ಬರೂ ಕಿಟಕಿಗೆ ಮುಖ ಹಚ್ಚಿ ಕುಳಿತೆವು. ದ್ರಾಕ್ಷಿತೋಟದಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಸಾಲುಗಳ ನಡುವೆ ಓಡಾಡಿದಳು. ಮದುವೆಯ ಮರುವರ್ಷ ಅವಳು ಹಾಗೆ ಓಡಾಡಿದ್ದನ್ನು ನೋಡಿದ್ದೆ. ಅದರ ನಂತರ ಇದೇ.

ಆಮೇಲೆ ಡುಂಬರೆಯವರು ನಮ್ಮನ್ನು ನದಿಗೆ ಮುಖ ಮಾಡಿದ ಒಂದು ಕೋಣೆಯಲ್ಲಿ ಕೂಡಿಸಿ, ಇಬ್ಬರ ಮುಂದೆಯೂ ಮೂರು ಮೂರು ಗ್ಲಾಸು ಇಟ್ಟರು. ಪ್ರತಿಯೊಂದರಲ್ಲೂ ಎರಡು ಗುಟುಕು. ಗ್ಲಾಸನ್ನು ತಿರುಗಿಸಬೇಕು, ಮೂಗು ಒಳಗೆ ಹಾಕಿ ಮೂಸಬೇಕು, ಬೇಕಾದರೆ ಬಾಯಲ್ಲಿ ಹಾಕಿ ಉಗುಳಬೇಕು. ಉಗುಳಲು ಒಂದು ತಂಬಿಗೆಯೂ ಇತ್ತು. "ನಮ್ಮ ಮಾವನವರು ತಂಬಾಕ ಉಗುಳೋ ಡಬ್ಬಿ ಇದಕಿಂತ ಚೊಕ್ಕ ಇತ್ತು" ಎಂದು ಸುಮಂಗಲಾ ನನ್ನ ಕಿವಿಯಲ್ಲಿ ಹೇಳಿದಳು. ನಾನು ಮೊದಲ ಗ್ಲಾಸು ಎತ್ತಿ, ಕಣ್ಣು ಮುಚ್ಚಿ, "ಪೇರಲ ಹಣ್ಣು. ಹಿಂದಿನಿಂದ ಡೊಣಮೆಣಸಿನಕಾಯಿ" ಎಂದು ಮರಾಠಿಯಲ್ಲಿ ಹೇಳಿದೆ. "ವಾಹ್ ಸಾಹೇಬ!" ಎಂದು ಡುಂಬರೆಯವರು ಕೈ ಕುಲುಕಿದರು. ಬರುವ ಮಂದಿಯಲ್ಲಿ ಇಷ್ಟು ಸರಿಯಾಗಿ ಹೇಳುವವರು ಕಡಿಮೆ ಎಂದರು. ನನಗೆ ನಟ್ಟು ಬೋಲ್ಟಿನಲ್ಲಿ ಜನ್ಮ ಹಾಳಾಯಿತಲ್ಲ ಎಂದು ನಿಜವಾಗಿಯೂ ದುಃಖವಾಯಿತು.

"ವಹಿನಿ, ಆತಾ ತುಮ್ಹೀ ಸಾಂಗಾ" ಎಂದು ಅವರು ಸುಮಂಗಲೆಯ ಕಡೆ ತಿರುಗಿದರು. ಅತ್ತಿಗೆ, ಈಗ ನೀವು ಹೇಳಿ ಎಂದು. ಅವಳು ಗ್ಲಾಸಿಗೆ ಮೂಗು ಹಚ್ಚಿದಳು. ತೆಗೆದಳು. ಮತ್ತೆ ಹಚ್ಚಿದಳು. ನನ್ನ ಕಡೆ ಒಮ್ಮೆ ನೋಡಿ, ಇವರು ಹೇಳಿದ್ದೇ ಸರಿ ಎಂದಳು.

ನಾನು ಗ್ಲಾಸು ಕೆಳಗಿಟ್ಟೆ. ಇಪ್ಪತ್ತೆಂಟು ವರ್ಷದಲ್ಲಿ ನಾಲ್ಕು ಜನರ ಎದುರು ಅವಳು ನನ್ನ ಮಾತಿಗೆ ಒಪ್ಪಿದ್ದು ಇದೇ ಮೊದಲು. ಎರಡನೆಯ ಗ್ಲಾಸಿಗೂ ಅದೇ ಮಾತು. ಮೂರನೆಯದು ಕೆಂಪು ವೈನು. ನೇರಳೆ ಹಣ್ಣಿನ ವಾಸನೆ ಢಾಳಾಗಿ ಬರುತ್ತಿತ್ತು, ಮಕ್ಕಳಿಗೂ ಗೊತ್ತಾಗುವಂಥದ್ದು. ನಾನು ಬೇಕೆಂದೇ ಹೇಳಿದೆ: "ಇದರಾಗ ಗ್ರೀಸಿನ ವಾಸನಿ ಅದ. ನಮ್ಮ ಸ್ಟೋರಿನ್ಯಾಗ ಬರ್ತದಲ್ಲ, ಹಂಗ." ಸುಮಂಗಲಾ ಗ್ಲಾಸಿನಲ್ಲಿ ಮೂಗು ಇಟ್ಟು ಬಹಳ ಹೊತ್ತು ಕುಳಿತಳು. ಆಮೇಲೆ ಸಣ್ಣ ದನಿಯಲ್ಲಿ "ಹೌದು ರೀ, ಹಂಗ ಅದ" ಎಂದಳು. ನಾನು ಗಾಬರಿಯಲ್ಲಿ ಕೈಗೆ ಸಿಕ್ಕ ಬಿಳಿ ವೈನಿನ ಗ್ಲಾಸನ್ನು ನೀರೆಂದು ತಿಳಿದು ಗಟಗಟ ಕುಡಿದುಬಿಟ್ಟೆ. ನಮ್ಮ ಮನೆತನದ ಮರ್ಯಾದೆ ಹೋದದ್ದು ಹೀಗೆ, ರುಚಿಯೂ ನೋಡದೆ. ಡುಂಬರೆಯವರು ನಮ್ಮಿಬ್ಬರ ಮುಖ ನೋಡಿ, ಬಾರದ ಫೋನನ್ನು ಕಿವಿಗೆ ಹಚ್ಚಿಕೊಂಡು ಹೊರಗೆ ಹೋದರು. ಒಳ್ಳೆಯ ಮನುಷ್ಯ.

"ಎಂದಿನಿಂದ ಸುಮಾ?" ಎಂದೆ.

"ದೀಪಾವಳಿ ಜ್ವರ ಬಂದಾಗಿನಿಂದ" ಎಂದಳು. ನದಿಯ ಕಡೆ ನೋಡುತ್ತಲೇ ಇದ್ದಳು. "ಇವತ್ತ ವಾಸನಿ ಬರ್ತದ, ನಾಳಿ ಬರ್ತದ ಅಂತ ಕಾದೆ. ಇಂಗು ಇಲ್ಲ, ಊದಿನಕಡ್ಡಿ ಇಲ್ಲ, ಮಲ್ಲಿಗಿ ಇಲ್ಲ. ಅದಕ್ಕ ನಿಮ್ಮನ್ನ ಕರೀತಿದ್ದೆ."

"ನನಗ ಹೇಳಬಾರದಾಗಿತ್ತೇನು?"

"ಏನಂತ ಹೇಳ್ಲಿ? ಆ ಹಾಲು ಹತ್ತಿದ ದಿನ ಹೇಳಬೇಕು ಅಂತನ ಇದ್ದೆ. ನೀವು ನಕ್ಕ್ರಿ." ಗ್ಲಾಸನ್ನು ಆಚೆ ಸರಿಸಿ ಮತ್ತೆ ಹೇಳಿದಳು, "ಶಿವರಾತ್ರಿ ಬಂತು. ಖಾರಕ್ಕ ಹುರೀಬೇಕು. ನಾ ಹೆಂಗ ಹುರೀಲಿ ರೀ? ಅಕ್ಕಾವರಿಗೆ ಏನಂತ ಹೇಳ್ಲಿ? ಅದೂ ಹೋಗ್ಲಿ. ನಿಮ್ಮ ಅಂಗಿ ಮಡಚೋವಾಗ ನಿಮ್ಮ ವಾಸನಿ ಬರಂಗಿಲ್ಲ. ಯಾರದೋ ಮನ್ಯಾಗ ಬಂದು ಕೂತಂಗ ಆಗ್ತದ."

ಇಷ್ಟು ಹೇಳಿ ಅತ್ತುಬಿಟ್ಟಳು. ನಾನೂ ಅತ್ತೆ. ನನ್ನ ಅಳುವಿನಲ್ಲಿ ಎರಡು ಗುಟುಕು ವೈನಿನ ಪಾಲೂ ಇದ್ದಿರಬಹುದು, ಆದರೆ ಉಳಿದದ್ದೆಲ್ಲ ನನ್ನದೇ. ನಾಲ್ಕು ತಿಂಗಳು ನನ್ನ ಮೂಗಿಗೆ ಬಡ್ತಿ ಸಿಕ್ಕಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು, ಆ ಜಾಗ ಯಾಕೆ ಖಾಲಿಯಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ.

ಮರುದಿನವೇ ಡಾಕ್ಟರ ಹತ್ತಿರ ಹೋದೆವು. ಬಂದರೂ ಬರಬಹುದು, ತಡವಾಗಬಹುದು, ದಿನಾಲು ಎರಡು ಹೊತ್ತು ನಾಲ್ಕು ಪರಿಚಿತ ವಾಸನೆಗಳನ್ನು ಮೂಸುತ್ತಿರಿ ಎಂದರು. ನಾನು ನಾಲ್ಕು ಬಟ್ಟಲಲ್ಲಿ ಲವಂಗ, ನಿಂಬೆಸಿಪ್ಪೆ, ಇಂಗು, ಕಾಫಿಪುಡಿ ಇಟ್ಟು, ಬೆಳಿಗ್ಗೆ ಸಂಜೆ ಅವಳ ಮುಂದೆ ಡುಂಬರೆಯವರ ಹಾಗೆಯೇ ನಿಲ್ಲುತ್ತಿದ್ದೆ. "ವಹಿನಿ, ಈಗ ನೀವು ಹೇಳ್ರಿ" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಮೂಸುತ್ತಿದ್ದಳು, "ಏನೂ ಇಲ್ರಿ" ಎನ್ನುತ್ತಿದ್ದಳು. ಮೂರು ವಾರ ಇದೇ ನಡೆಯಿತು. ಸಂಜೆಯ ಆ "ಏನೂ ಇಲ್ರಿ" ಕೇಳಲು ನನಗೆ ಹೆದರಿಕೆಯಾಗತೊಡಗಿತು. ಅವಳಿಗೂ ನನ್ನ ಮುಖ ನೋಡಿ ಹೇಳಲು ಕಷ್ಟವಾಗುತ್ತಿತ್ತು.

ಶಿವರಾತ್ರಿ ಆಯಿತು. "ಈ ವರ್ಷ ನಾ ಹುರೀತೀನಿ, ನೀ ಮೆಣಸಿನಕಾಯಿ ತೊಟ್ಟು ತಗದು ಕೊಡು" ಎಂದೆ. ಅವಳು ಒಪ್ಪಿದಳು, ಆ ಒಪ್ಪಿಗೆಯೂ ನನಗೆ ಸೇರಲಿಲ್ಲ. ಅವಳು ಹೊರಗಿನ ಕೋಣೆಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕುಳಿತಳು. ಇಲ್ಲಿ ನಮ್ಮ ಎಂದರೆ ನಾನು ಮತ್ತು ಬಾಣಲೆ. ಹವೀಜ ಹಾಕಿ ಕೈಯಾಡಿಸುತ್ತ, ಅವಳಿಗೆ ಬೇಸರವಾಗದಿರಲಿ ಎಂದು ವಾಸನೆಯ ವರದಿ ಕೊಡತೊಡಗಿದೆ. "ಈಗ ಹಸಿ ಹುಲ್ಲಿನ ವಾಸನಿ ಅದ... ಈಗ ಕಿತ್ತಳಿ ಸಿಪ್ಪಿ ಬಂತು ನೋಡು... ಹಿಂದಿನಿಂದ ಸ್ವಲ್ಪ ಮಳಿ ಬಿದ್ದ ಮಣ್ಣು..." ಹೇಳುತ್ತ ಹೇಳುತ್ತ ನನಗೇ ಕಣ್ಣು ಮುಚ್ಚಿತು. ಮಾತಿನ ಅಮಲು ವೈನಿಗಿಂತ ಹೆಚ್ಚು.

"ರೀ! ಹತ್ತಿದ ವಾಸನಿ ಬರ್ಲಿಕ್ಕತ್ತದ, ಮೊದಲ ಇಳಸ್ರಿ!"

ನಾನು ಕಣ್ಣು ತೆರೆಯದೆ, "ಇಲ್ಲ, ಇನ್ನೂ ಹಸಿ ಅದ" ಎಂದೆ.

"ಹಸಿ ಅಲ್ಲ, ನಿಮ್ಮ ತಲಿ! ಕರಕಾಗ್ಲಿಕ್ಕತ್ತದ! ಮೂಗು ಎಲ್ಲಿಟ್ಟು ಬಂದೀರಿ?"

ನಾನು ಕಣ್ಣು ತೆರೆದು ತಿರುಗಿದೆ. ಅವಳು ಬಾಗಿಲಲ್ಲಿ ಬಂದು ನಿಂತಳು, ಉಡಿಯಿಂದ ಮೆಣಸಿನಕಾಯಿ ತೊಟ್ಟುಗಳು ಉದುರುತ್ತಿದ್ದವು. ಬಾಣಲೆಯ ಹತ್ತಿರ ಬಂದು ಬಗ್ಗಿ, ಆ ಕರಕು ಹವೀಜವನ್ನು ದೇವರ ಪ್ರಸಾದದ ಹಾಗೆ ಮೂಸಿದಳು. ಆಮೇಲೆ ನನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದುಕೊಂಡಳು. "ಬೆವರು" ಎಂದಳು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಇಷ್ಟು ಪ್ರೀತಿಯಿಂದ ಹಳಿದಿಲ್ಲ.

ಎಲ್ಲವೂ ಇನ್ನೂ ಬಂದಿಲ್ಲ. ಇಂಗು ಬಂದಿದೆ, ಕಾಫಿ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಮಲ್ಲಿಗೆಗೆ ಕಾಯುತ್ತಿದ್ದೇವೆ. ಈ ವರ್ಷದ ಖಾರ ಮಾತ್ರ ಕಹಿ. ಹೊಸ ಹವೀಜ ತರುತ್ತೇನೆಂದರೂ ಸುಮಂಗಲಾ ಕೇಳದೆ, ಆ ಕರಕನ್ನೂ ಸೇರಿಸಿಯೇ ಕುಟ್ಟಿಸಿದಳು. ದೊಡ್ಡಕ್ಕ ಫೋನು ಮಾಡಿ "ಏನಾಗ್ಯದೋ ಈ ಸಲ ಖಾರಕ್ಕ?" ಎಂದು ಕೇಳಿದಾಗ, ಹುರಿದವನು ನಿಮ್ಮ ತಮ್ಮ ಎಂದು ಅವಳು ಸಂತೋಷದಿಂದ ಹೇಳಿದಳು. ಮೊನ್ನೆ ಸಂಜೆ ಒಗ್ಗರಣೆಯ ಸದ್ದು ಕೇಳಿ, ನಾನಾಗಿಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇಂಗು ಸಾಕಾಗ್ಯದೇನು ನೋಡ್ಲಾ?" ಎಂದೆ. "ನೀವು ಹೊರಗ ಹೋಗಿ ಸುಮ್ನ ಕೂಡ್ರಿ" ಎಂದಳು. ಹೊರಗೆ ಬಂದು ಸುಮ್ಮನೆ ಕುಳಿತೆ. ಯಾವ ಹುದ್ದೆಯನ್ನಾದರೂ ಇಷ್ಟು ಸಂತೋಷದಿಂದ ಕಳೆದುಕೊಂಡವರು ನನ್ನ ಹೊರತು ಬೇರೆ ಯಾರೂ ಇರಲಾರರು ಎಂಬುದು ನನ್ನ ಅಭಿಪ್ರಾಯ. ಅದನ್ನು ಯಾರೂ ಕೇಳಿಲ್ಲ, ಅದು ಬೇರೆ ಮಾತು.