ಫಿಲ್ಟರ್ ನೀರಿನ ಸೀಗಡಿ

ದೊಡ್ಡಬಳ್ಳಾಪುರದ ತಬ್ರೇಜ್ ಮಾಡಿದ ತಪ್ಪು ಒಂದೇ: ಮ್ಯಾನೇಜರ್ ವೇಣುಗೋಪಾಲರ ಸೀಗಡಿಗಳಿಗೆ ವಿಪರೀತ ಮರ್ಯಾದೆ ಕೊಟ್ಟದ್ದು.

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಅವನಿಗೆ ಎರಡು ವರ್ಷದಿಂದ ರಾತ್ರಿ ಪಾಳಿ. ಹೆಂಡತಿ ಸುಮೇರಾಗೆ ಈಗ ಏಳು ತಿಂಗಳು. ರಾತ್ರಿ ಒಬ್ಬಳೇ ಇರಲು ಭಯ. ಹಗಲು ಪಾಳಿಗಾಗಿ ಅವನು ಕೇಳಿಕೊಂಡಿದ್ದ. ಭಾನುವಾರ ಬೆಳಿಗ್ಗೆ ಕೋಲಾರದ ಗೃಹಪ್ರವೇಶಕ್ಕೆ ಹೊರಟಿದ್ದ ವೇಣುಗೋಪಾಲ್ ಅವನ ಮನೆ ಮುಂದೆ ಕಾರು ನಿಲ್ಲಿಸಿ, ತಾವು ಸಾಕಿದ ಆರು ಕೆಂಪು ಸೀಗಡಿಗಳಿದ್ದ ಗಾಜಿನ ತೊಟ್ಟಿಯನ್ನು ಅವನ ಕೈಗಿಟ್ಟರು.

"ಮನೇಲಿ ಪೇಂಟಿಂಗ್ ನಡೀತಿದೆ, ವಾಸನೆಗೆ ಸತ್ತೋಗ್ತವೆ. ಹುಷಾರಾಗಿ ನೋಡ್ಕೊಳಪ್ಪಾ. ನಿನ್ ಪಾಳಿ ವಿಷ್ಯ ಸಂಜೆ ಮಾತಾಡೋಣ."

ತೊಟ್ಟಿಯಲ್ಲಿದ್ದದ್ದು ಬೋರ್ ನೀರು; ಗಾಜಿನ ಅಂಚಿಗೆಲ್ಲ ಬಿಳಿ ಪದರ ಕಟ್ಟಿತ್ತು. ಸಾಹೇಬರ ಸೀಗಡಿಗೆ ಇಂಥ ನೀರೇ? ತಬ್ರೇಜ್ ಒಂದು ಕ್ಯಾನ್ ಫಿಲ್ಟರ್ ನೀರು ತಂದು ಪೂರ್ತಿ ಬದಲಾಯಿಸಿದ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಸೀಗಡಿಯೊಂದು ಮಗ್ಗುಲಾಗಿ ಬಿದ್ದಿತ್ತು. ಕತ್ತಿನ ಸುತ್ತ ಬಿಳಿ ಉಂಗುರ. ಬಿಗಿ ಅಂಗಿಯೊಳಗೆ ಸಿಕ್ಕಿಕೊಂಡವರ ಹಾಗೆ ಒದ್ದಾಡುತ್ತಿತ್ತು. ಅವನು ಗಾಬರಿಯಿಂದ ಮೀನಿನ ಅಂಗಡಿಗೆ ಫೋನ್ ಮಾಡಿದ.

"ಸೀಗಡಿ ಬೆಳೀಬೇಕಂದ್ರೆ ಹಳೇ ಚಿಪ್ಪು ಕಳಚ್ಬೇಕು ಗುರು," ಎಂದ ಅಂಗಡಿಯವನು. "ಅದಕ್ಕೆ ನೀರಲ್ಲಿ ಕ್ಯಾಲ್ಸಿಯಂ ಬೇಕು. ಫಿಲ್ಟರ್ ನೀರಲ್ಲಿ ಏನಿರತ್ತೆ, ಮಣ್ಣು? ಬೋರ್ ನೀರೇ ಸ್ವಲ್ಪ ಸ್ವಲ್ಪ ಹಾಕು."

ಗಲಾಟೆ ಕೇಳಿ ಎದುರು ಮನೆಯ ಸೊಣ್ಣಪ್ಪ ಎಲೆಅಡಿಕೆ ಚೀಲದ ಸಮೇತ ಬಂದ. "ಕ್ಯಾಲ್ಸಿಯಂ ಅಂದ್ರೆ ಸುಣ್ಣ ಅಲ್ವೇನಪ್ಪಾ? ಒಂದ್ ಬೆರಳು ಹಾಕ್ತೀನಿ, ತಡಿ."

"ತಾತಾ, ಸುಟ್ಟೋಗ್ತವೆ!" ತಬ್ರೇಜ್ ಅವನ ಕೈ ಹಿಡಿದುಕೊಂಡ. ಎಳೆದಾಟದಲ್ಲಿ ಸುಣ್ಣವೆಲ್ಲ ತಬ್ರೇಜ್‌ನ ಮೀಸೆಗೆ ಮೆತ್ತಿಕೊಂಡಿತು. ಹಾಗೇ ಒಳಗೋಡಿ ಸುಮೇರಾಳ ಕ್ಯಾಲ್ಸಿಯಂ ಮಾತ್ರೆಗೆ ಕೈ ಹಾಕಿದ.

"ಅಜೀ, ನಾನು ಮಾತ್ರೆ ನುಂಗಿದ್ನಾ ಅಂತ ಒಂದಿನ ಕೇಳಿಲ್ಲ ನೀವು. ಸೀಗಡಿಗಾದ್ರೆ ಓಡ್ಬಂದ್ಬಿಟ್ರಿ!"

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಮಾತ್ರೆಯನ್ನು ಅವಳಿಗೇ ನುಂಗಿಸಿ ಹೊರಬಂದ.

ಅಷ್ಟರಲ್ಲಿ ಪಕ್ಕದ ಮನೆಯ ನಾಗಲಕ್ಷ್ಮಮ್ಮ ಪವರ್‌ಲೂಮ್ ನಿಲ್ಲಿಸಿ ಒಂದು ಬಿಂದಿಗೆ ಬೋರ್ ನೀರು ಹೊತ್ತು ಬಂದಿದ್ದಳು. ಲೋಟ ಲೋಟವಾಗಿ ನೀರು ಬೆರೆಸುತ್ತ ಎರಡು ಗಂಟೆ ಕಳೆಯಿತು. ಆದರೂ ಚಿಪ್ಪು ಬಿಡಲಿಲ್ಲ. ಕಿತ್ತುಹೋದ ರೇಷ್ಮೆ ಎಳೆಗಳಿಗೆ ನಲವತ್ತು ವರ್ಷ ಗಂಟು ಹಾಕಿದ ಕೈ ಅವಳದು. ಒದ್ದೆ ಎಳೆಯೊಂದನ್ನು ಆ ಉಂಗುರದ ಸಂದಿಗೆ ತೂರಿಸಿ ಉಸಿರು ಬಿಗಿಹಿಡಿದು ಮೆಲ್ಲಗೆ ಎತ್ತಿದಳು. ಸೀಗಡಿ ಒಮ್ಮೆ ಕೊಡವಿಕೊಂಡು ಚಿಮ್ಮಿತು. ಹಳೆಯ ಚಿಪ್ಪು ಹಾಗೇ ತೇಲಿತು.

"ಅಮ್ಮಾ, ನಿಮ್ಮಿಂದ ನನ್ನ ಮನೆ ಉಳೀತು," ಎಂದ ತಬ್ರೇಜ್, ಕಣ್ಣೊರೆಸಿಕೊಳ್ಳುತ್ತ. ಇಂಥ ನೆರೆಯವರು ಯಾರಿಗುಂಟು ಎಂದು ಅವನ ಎದೆ ತುಂಬಿ ಬಂತು. ಸುಣ್ಣ ಚೆಲ್ಲಿದ ಸೊಣ್ಣಪ್ಪನಿಗೂ ಟೀ ಕೊಡಿಸಿದ.

ಸಂಜೆ ವೇಣುಗೋಪಾಲ್ ಬಂದಾಗ ಏನೂ ಹೇಳಬಾರದೆಂದು ಅವನು ನಿರ್ಧರಿಸಿದ್ದ. ಆದರೆ ಅವನಿಗೊಂದು ಒಳ್ಳೆಯದಾಗಲಿ ಎಂದು ನಾಗಲಕ್ಷ್ಮಮ್ಮ ಫಿಲ್ಟರ್ ನೀರಿನ ಸುದ್ದಿ ನುಂಗಿಕೊಂಡು, ಉಳಿದದ್ದನ್ನೆಲ್ಲ ಅವನ ಹೆಸರಿಗೇ ಬರೆದಳು. "ಚಿಪ್ಪಲ್ಲಿ ಸಿಕ್ಕಾಕ್ಕೊಂಡು ಸಾಯ್ತಿತ್ತು ಸಾಮಿ, ಇವ್ನೇ ಬಿಡಿಸ್ದ. ತಾಯಿನೂ ಇಂಗೆ ನೋಡ್ಕೊಳಲ್ಲ!"

"ಹೌದು ಹೌದು, ಕೈಗುಣ ಅಂದ್ರೆ ಇವಂದು," ಎಂದು ಸೊಣ್ಣಪ್ಪನೂ ಸೇರಿಸಿದ.

ವೇಣುಗೋಪಾಲ್ ತಬ್ರೇಜ್‌ನ ಎರಡೂ ಕೈ ಹಿಡಿದುಕೊಂಡರು. "ಹೋದ್ ತಿಂಗ್ಳು ನಾಕು ಹಿಂಗೇ ಸತ್ವು ಕಣಪ್ಪಾ. ಈ ಉಪಕಾರ ನಾನ್ ಮರೆಯಲ್ಲ. ನಿನ್ ಪಾಳಿ ವಿಷ್ಯ ಈಗ್ಲೇ ಇತ್ಯರ್ಥ ಮಾಡ್ಬಿಡ್ತೀನಿ."

ಬಾಗಿಲ ಹಿಂದೆ ಸುಮೇರಾ ದುಆಗೆ ಕೈ ಎತ್ತಿದಳು.

"ನಾಳೆಯಿಂದ ತೊಟ್ಟಿ ಫ್ಯಾಕ್ಟ್ರಿ ಆಫೀಸಲ್ಲಿರತ್ತೆ. ಹಗಲು ನಾನಿರ್ತೀನಿ. ಆದ್ರೆ ಇವು ಚಿಪ್ಪು ಬಿಡೋದು ರಾತ್ರಿ ಹೊತ್ತೇ ಜಾಸ್ತಿ. ನಿನ್ನಂಥ ಕೈ ಇನ್ಯಾರಿಗಿದೆ? ರಾತ್ರಿ ಪಾಳಿ ನಿಂಗೇ ಪರ್ಮನೆಂಟ್!"

ನೆರೆಯವರಿಬ್ಬರೂ ಚಪ್ಪಾಳೆ ತಟ್ಟಿದರು.