ಕೇಳಿದವರಿಗೆಲ್ಲ ‘ಓದಿದೆವು’ ಎಂದು ಹೇಳಿಬಂದ ಮೇಲ್ ಪ್ರೋಗ್ರಾಮಿಗೆ

ಬಾಡಿಗೆ ಕರಾರಿಲ್ಲದೆ ಮುಂಬಯಿಯ ನಮ್ಮ ಭಾಂಡುಪ್ ಮನೆಯ ಕಂಪ್ಯೂಟರಿನಲ್ಲಿ ಬಂದು ನೆಲೆಸಿರುವ ಮಾನ್ಯ ಮೇಲ್ ಪ್ರೋಗ್ರಾಮ್ ಅವರೇ,

ತಮಗೂ, ಅಪ್‌ಡೇಟ್ ಎಂಬ ಹೆಸರಿನಲ್ಲಿ ತಮಗೆ ಆಗಾಗ ಎಣ್ಣೆಸ್ನಾನ ಮಾಡಿಸುವ ತಮ್ಮ ಕಂಪನಿಯ ಹಿರಿಯರಿಗೂ, ಜೋಳದ ರೊಟ್ಟಿ ಮಾರಿ ಬದುಕುವ ನಾಗರತ್ನಾಳ ನಮಸ್ಕಾರಗಳು. ನನ್ನೊಡನೆ ರೊಟ್ಟಿ ಬಡಿಯುವ ನೆಗೆಣ್ಣಿ ಗುರುಬಾಯಿ ಅಕ್ಕನವರೂ ನಮಸ್ಕಾರ ತಿಳಿಸಿದ್ದಾರೆ. ಅವರು ಹೇಳಿದ ಉಳಿದ ಮಾತುಗಳನ್ನು, ನಾಲ್ಕು ಜನ ಓದುವ ಪತ್ರವೆಂದು ಬಿಟ್ಟಿದ್ದೇನೆ.

ತಾವು ಬರುವ ಮುನ್ನ ನಮ್ಮ ಮೇಲ್‌ಗಳೆಲ್ಲ ಇಂಟರ್‌ನೆಟ್ಟಿನಲ್ಲೇ ಇದ್ದವು. ಆಫೀಸುಗಳವರು ಅಲ್ಲಿಗೇ ಆರ್ಡರ್ ಕಳಿಸುತ್ತಿದ್ದರು, ನಾವು ಓದಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮುಟ್ಟಿಸುತ್ತಿದ್ದೆವು. ಈಚೆಗೆ ಎಲ್ಲರೂ ಫೋನಿನ ಆ್ಯಪಿನಲ್ಲಿ ಊಟ ತರಿಸತೊಡಗಿದ ಮೇಲೆ ಆರ್ಡರುಗಳು ಬತ್ತಿದವು. “ಹಿಂಗಾದ್ರ ಹಂಚು ತೊಳದು ಅಟ್ಟಕ್ಕ ಇಟ್ಟು, ಯಾವುದರ ಸಾಲಿ ಅಡಗಿಮನಿಗೆ ಕೆಲಸಕ್ಕ ಹೋಗ್ತೀನಿ ನೋಡವಾ” ಎಂದು ಅಕ್ಕ ಹೇಳತೊಡಗಿದ್ದರು. ಅಂಥ ಹೊತ್ತಿನಲ್ಲೇ, ಮೇಲ್‌ಬಾಕ್ಸ್ ತುಂಬಿದೆ, ಇನ್ನು ಹೊಸ ಮೇಲ್ ಒಳಗೆ ಬಾರದು ಎಂಬ ನೋಟಿಸು ಬಂತು. ಹಳೆಯವನ್ನು ಅಳಿಸೋಣವೆಂದರೆ, ಯಾವ ಆಫೀಸಿಗೆ ಖಾರ ಕಡಿಮೆ, ಯಾರಿಗೆ ಕಡಕ್ ರೊಟ್ಟಿಯೇ ಆಗಬೇಕು ಎಂಬುದೆಲ್ಲ ಅವುಗಳಲ್ಲೇ ಇತ್ತು.

ಆಗ ಕಂಪ್ಯೂಟರ್ ರಿಪೇರಿಯ ಹಿತೇಶ್ ಭಾಯಿ ಬಂದು, “ಟೆನ್ಷನ್ ಮತ್ ಲೋ ಭಾಭೀ, ಸಬ್ ನೀಚೆ ಉತಾರ್ ದೇತಾ ಹೂಂ” ಎಂದು ತಮ್ಮನ್ನು ಪ್ರತಿಷ್ಠಾಪಿಸಿ, ಪಾಸ್‌ವರ್ಡನ್ನು ತಮ್ಮ ಕಿವಿಯಲ್ಲಿ ಹೇಳಿ, ಚಹಾ ಕುಡಿದು ಹೋದರು. ತಾವು ಇಂಟರ್‌ನೆಟ್ಟಿನ ಮೇಲ್‌ಗಳನ್ನೆಲ್ಲ ಅಲ್ಲಿ ಒಂದೂ ಉಳಿಸದೆ ಕಂಪ್ಯೂಟರಿಗೆ ಇಳಿಸಿಕೊಂಡ ಪರಿಯನ್ನು ಅಕ್ಕ ಹಿಟ್ಟಿನ ಕೈಯಲ್ಲೇ ನಿಂತು ನೋಡಿ, “ನಮ್ಮ ನಳದಾಗ ನೀರ ಯಾವತ್ತರ ಇಷ್ಟು ಜೋರ ಬಂದೈತೇನ?” ಎಂದು ಮೆಚ್ಚಿದರು. ಅಲ್ಲಿಯವರೆಗೆ ತಮ್ಮ ಸೇವೆ ನಿಷ್ಕಳಂಕ.

ಆದರೆ ನಾನು ಎಂದೋ ಓದಿ, ಉತ್ತರಿಸಿ, ರೊಟ್ಟಿಯನ್ನೂ ಮುಟ್ಟಿಸಿದ್ದ ಮೇಲ್‌ಗಳನ್ನೆಲ್ಲ ತಾವು ‘ಓದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ತೋರಿಸಿದಿರಿ. ಒಂದನ್ನು ತೆರೆದೊಡನೆ, ‘ಇದನ್ನು ಓದಿದರೆ ತಿಳಿಸಿ ಎಂದು ಕಳಿಸಿದವರು ಕೋರಿದ್ದಾರೆ, ತಿಳಿಸಲೇ?’ ಎಂದು ವಿನಯದಿಂದ ಕೇಳಿದಿರಿ. “ಪಾಪ, ಕೇಳ್ಯಾರಂದ್ರ ಹೇಳಲಿ ಬಿಡು, ನಮ್ಮ ಗಂಟೇನ ಹೋಗ್ತೈತಿ?” ಎಂದರು ಅಕ್ಕ. ನಾನು ‘ಯಾವಾಗಲೂ ತಿಳಿಸು’ ಎಂಬುದನ್ನು ಒತ್ತಿ, ಎಲ್ಲವನ್ನೂ ಒಟ್ಟಿಗೆ ಆರಿಸಿ, ‘ಓದಿದೆ’ ಎಂದು ಗುರುತು ಹಾಕಿದೆ. ತಾವು ಕ್ಷಣದಲ್ಲಿ ಮುಂಬಯಿಯ ಉದ್ದಗಲಕ್ಕೂ, ಹಳೆಯ ಗಿರಾಕಿಗಳೆಲ್ಲರಿಗೂ, ‘ನಿಮ್ಮ ಮೇಲನ್ನು ಇವರು ಇಂದು ಓದಿದ್ದಾರೆ’ ಎಂದು ಡಂಗುರ ಸಾರಿದಿರಿ. ಇಷ್ಟು ಸತ್ಯಸಂಧರನ್ನು ನಾನು ನಮ್ಮ ಬಿಲ್ಡಿಂಗಿನಲ್ಲಿ ಕಂಡಿಲ್ಲ.

ಮರುದಿನ ಮೊದಲ ಫೋನು ಮುಲುಂಡಿನ ವಿನೋದಿನಿಬೆನ್ ಅವರದು. ಚಟ್ನಿ ವಿಪರೀತ ಖಾರವೆಂದು ಅವರು ವರ್ಷಗಳ ಹಿಂದೆ ದೂರು ಬರೆದಿದ್ದರು, ನಾವು ಆಗಲೇ ಬೇರೆ ಡಬ್ಬಿ ಕಳಿಸಿ ಸಮಾಧಾನ ಮಾಡಿದ್ದೆವು. ಅದು ಅವರಿಗೆ ಮರೆತಿತ್ತು, ತಮ್ಮ ಕೃಪೆಯಿಂದ ದೂರು ಮಾತ್ರ ನೆನಪಾಯಿತು. “ಏಕ್ ಮೇಲ್ ಪಢ್ನೇ ಮೇಂ ಇತ್ನೇ ಸಾಲ್?” ಎಂದು, ಓದಲು ಹಿಡಿದ ವರ್ಷಗಳಿಂದಲೇ ಶುರುಮಾಡಿ ಮನಸ್ಸಾರೆ ಬೈದು, ಕೊನೆಗೆ ದನಿ ತಗ್ಗಿಸಿ, ಆ ಚಟ್ನಿ ಈಗಲೂ ಸಿಗುತ್ತದೆಯೇ ಎಂದರು.

ಎರಡನೆಯ ಫೋನು ಗುರುವಾರ ಮಧ್ಯಾಹ್ನ ಬಂತು. ಗೋರೆಗಾಂವಿನ ಆಫೀಸೊಂದಕ್ಕೆ ಹೊಸದಾಗಿ ಬಂದು, ಆಫೀಸಿನ ಹಳೆಯ ಮೇಲ್ ವಿಳಾಸವನ್ನೇ ವಹಿಸಿಕೊಂಡ ಮ್ಯಾನೇಜರ್ ಸೌಮ್ಯಾ, ಧಾರವಾಡದವರ ಮಗಳು. “ಆಂಟಿ, ನಮ್ಮ ಫ್ರೈಡೇ ಲಂಚ್ ಆರ್ಡರ್ ನೀವು ಪಢ್ ಲಿಯಾ ಅಂತ ಮೇಲ್ ಬಂದಿದೆ. ನಾನು ಸಬ್ ಕೋ ಹೇಳಿಬಿಟ್ಟೆ. ನಾಳೆ ಪಕ್ಕಾ ನಾ?” ಎಂದಳು. ಆ ಆರ್ಡರ್ ಹಿಂದಿನ ಮ್ಯಾನೇಜರರ ಕಾಲದ್ದು. ಆ ಊಟ ಮಾಡಿದವರಲ್ಲಿ ಅರ್ಧ ಜನ ಅಲ್ಲಿ ಉಳಿದಿರಲಾರರು. ಹಾಗೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡು, “ಬರ್ತಾವ ನೋಡವಾ, ಮೆತ್ತಗಿರೂ ಬರ್ತಾವ, ಕಡಕ್ಕೂ ಬರ್ತಾವ” ಎಂದು ಹೇಳಿ ಇಟ್ಟೇಬಿಟ್ಟರು.

“ಇಡೀ ಆಫೀಸಿನ ಊಟ ಅಕ್ಕಾ, ಇಬ್ಬರಿಂದ ಆಗ್ತೈತೇನ?” ಎಂದೆ.

“ಕೇಳವರಿಲ್ಲಂತ ಅಳತಿದ್ವಿ, ಈಗ ಕೇಳ್ಯಾರ. ಹಿಟ್ಟು ತಗಿ.”

ಹಿಂದೆ ನಮ್ಮೊಡನೆ ರೊಟ್ಟಿ ಬಡಿಯುತ್ತಿದ್ದ ಧಾರಾವಿಯ ಶರಣವ್ವನನ್ನು ಕರೆಸಿದೆವು. ಬಹಳ ದಿನಗಳ ಮೇಲೆ ಮೂರು ಹಂಚುಗಳು ಒಟ್ಟಿಗೆ ಕಾದವು, ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯವರು ಮೇಲೆ ಬಂದು ರುಚಿ ನೋಡಿ ಸುಮ್ಮನೆ ಇಳಿದುಹೋದರು. ಶುಕ್ರವಾರ ಬುಟ್ಟಿಗಳನ್ನು ಹೊತ್ತು, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ನಾನೂ ಶರಣವ್ವನೂ ಗೋರೆಗಾಂವ್ ಮುಟ್ಟಿದೆವು.

ಊಟ ಮುಗಿದ ಮೇಲೆ ನನಗೆ ತಡೆಯಲಾಗದೆ ಸೌಮ್ಯಾಳಿಗೆ ನಿಜ ಹೇಳಿದೆ. ಅವಳು ಫೋನಿನಲ್ಲಿ ಆ ಹಳೆಯ ಮೇಲ್‌ನ ತಾರೀಖು ನೋಡಿ, “ಅಯ್ಯೋ ಆಂಟಿ, ಆವಾಗ ನಾನು ಸ್ಕೂಲಲ್ಲಿ ಇದ್ದೆ!” ಎಂದು ಬಾಯಿಗೆ ಕೈ ಇಟ್ಟುಕೊಂಡಳು. ನಾನು ಖಾಲಿ ಬುಟ್ಟಿಗಳನ್ನು ಒಟ್ಟುಮಾಡತೊಡಗಿದೆ. ಮರುಗಳಿಗೆ ಅವಳು ಎಷ್ಟು ನಕ್ಕಳೆಂದರೆ ಪಕ್ಕದ ಟೇಬಲ್ಲಿನವರು ಎದ್ದು ಬಂದರು. ಬೆರಳಿಗೆ ಹತ್ತಿದ ಎಣ್ಣೆಗಾಯಿ ನೆಕ್ಕುತ್ತ, “ಹರ್ ಫ್ರೈಡೇ ತನ್ನಿ ಆಂಟಿ. ಈ ಸಲ ನಾನೇ ನಯಾ ಮೇಲ್ ಬರೀತೇನೆ” ಎಂದಳು. ಮನೆಗೆ ಬಂದು ಹೇಳಿದಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲ ಒಲೆಯ ಹೊಗೆ ಎಂದರು. ನಮ್ಮದು ಗ್ಯಾಸ್ ಒಲೆ.

ಹೀಗಾಗಿ ತಮ್ಮನ್ನು ಬೈಯಬೇಕೋ ಹಾರ ಹಾಕಬೇಕೋ ತಿಳಿಯದೆ, ಇಷ್ಟು ಸಮರ್ಥರಾದ ತಮ್ಮಲ್ಲಿ ಎರಡು ವಿನಂತಿ ಮಾಡುತ್ತೇನೆ. ಸೆಂಟ್ರಲ್ ಲೈನಿನ ಸಾಯಂಕಾಲದ ಗರ್ದಿಯನ್ನು ದಯಮಾಡಿ ಬೇರೊಂದು ಫೋಲ್ಡರಿಗೆ ಸಾಗಿಸಬೇಕು. ನಮ್ಮ ಊರು ವಿಜಯಪುರದ ಬಿಸಿಲನ್ನು ಸ್ವಲ್ಪ ಡೌನ್‌ಲೋಡ್ ಮಾಡಿ ನಮ್ಮ ಗ್ಯಾಲರಿಯಲ್ಲಿ ಹಪ್ಪಳಕ್ಕೆ ಇಳಿಸಬೇಕು. ಮೂಲಪ್ರತಿಯನ್ನು ಊರಿನಲ್ಲೇ ಉಳಿಸಿರಿ, ಅಲ್ಲಿನವರಿಗೂ ಹಪ್ಪಳ ಒಣಗಬೇಕು.

ಮೈದಾಹಿಟ್ಟು ಕೈಗೆ ಸೋಕದ
ತಮ್ಮ ವಿಶ್ವಾಸಿ,
ನಾಗರತ್ನಾ, ಭಾಂಡುಪ್

ತಾ.ಕ.: ಇದನ್ನು ಬರೆಯುವಾಗಲೇ ತಾವು ಪರದೆಯ ನಡುವೆ ಬಂದು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳಿದಿರಿ. ಭಾಂಡುಪಿನ ಆಕಾಶದಲ್ಲಿ ಅವು ಕಾಣುವುದೇ ಅಪರೂಪ. ಕಂಡರೆ ಮೊದಲು ಅಕ್ಕನಿಗೆ, ಆಮೇಲೆ ಶರಣವ್ವನಿಗೆ; ಉಳಿದರೆ ತಿಳಿಸುತ್ತೇನೆ, ಕಾಯುತ್ತಿರಿ.