ಪ್ರೇಮಮ್ಮ ತಿನ್ನದ ಪುಡಿ

ಎದೆ ಕೊಯ್ದು ಹೊಸ ವಾಲ್ವ್ ಕೂರಿಸಿದ ಮೇಲೆ ಗಂಡನ ಮನೆಯವರಿಗೆಲ್ಲ ಪ್ರೇಮಮ್ಮನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಇಪ್ಪತ್ತಾರು ವರ್ಷ ಅವಳು ಉಂಡಳೇ ಇಲ್ಲವೇ ಎಂದು ಕೇಳಿದವರಿಲ್ಲ. (ಉಳಿದರೆ ಉಣ್ಣುತ್ತಾಳೆ ಎಂಬುದು ಆ ಮನೆಯ ಅಲಿಖಿತ ಸಂವಿಧಾನ.) ಈಗ ಹುಣಸೂರಿನ ಪಕ್ಕದ ಆ ಹಳ್ಳಿಗೆ ಯಾವ ನೆಂಟರು ಬಂದರೂ ಅವಳ ಬಾಯಿಗೆ ಏನಾದರೂ ಹಾಕದೆ ಹೋಗುತ್ತಿರಲಿಲ್ಲ.

ಅವರಲ್ಲಿ ಅಗ್ರಗಣ್ಯಳು ಕೆ.ಆರ್. ನಗರದ ನಾದಿನಿ ಆಶಾರಾಣಿ. ಅವಳು ಹೊಸದಾಗಿ ಒಂದು ಪುಡಿಯ ಏಜೆಂಟಾಗಿದ್ದಳು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ‘ಸರ್ವಾಂಗಸಂಭ್ರಮ’ ಎಂದು ಬರೆದಿತ್ತು.

“ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಬಿಸಿನೀರಲ್ಲಿ ಕುಡೀರಿ ಅತ್ತಿಗೆ. ಎಲ್ಡು ತಿಂಗಳಲ್ಲಿ ಬೆಟ್ಟದಪುರದ ಬೆಟ್ಟ ಓಡ್ಕೊಂಡು ಹತ್ತುತೀರ.”

ಪ್ರೇಮಮ್ಮ ಆಸ್ಪತ್ರೆಯವರು ಕೊಟ್ಟಿದ್ದ ಹಳದಿ ಪುಸ್ತಕ ತಂದು ಮುಂದಿಟ್ಟಳು. “ರಕ್ತ ತೆಳ್ಳಗೆ ಮಾಡೋ ಮಾತ್ರೆ ತಗೋತಾ ಇವ್ನಿ ಕಣಮ್ಮ. ಪುಡಿ, ಕಷಾಯ, ವಿಟಮಿನ್ನು, ಏನೇ ಆದ್ರೂ ಕೇಳ್ದೆ ಮುಟ್ಬೇಡಿ ಅಂತ ನರ್ಸಮ್ಮ ಹೇಳವ್ರೆ. ಮಾತ್ರೆ ಜೋರು ಹೆಚ್ಚಾದ್ರೆ ರಕ್ತ ಸೋರ್ತದಂತೆ, ಕಮ್ಮಿಯಾದ್ರೆ ವಾಲ್ವಲ್ಲಿ ಹೆಪ್ಪು ಕಟ್ತದಂತೆ.”

“ಅದು ಔಷಧಿಗೆ ಹೇಳಿರೋದು ಕಣೆ,” ಎಂದ ಗಂಡ ನಂಜಣ್ಣ. “ಇದು ಸೊಪ್ಪು, ಬೇರು. ಸೊಪ್ಪು ತಿಂದು ಸತ್ತಿರೋ ಹಸು ಒಂದು ತೋರ್ಸು.”

“ನಾನು ಹಸುವೇನ್ರೀ?”

“ಹಸು ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ ಬುಡು.”

ಮಾರನೆಯ ದಿನ ಅವಳು ಆಸ್ಪತ್ರೆಗೇ ಫೋನು ಮಾಡಿ, ಡಬ್ಬದ ಮೇಲಿದ್ದುದನ್ನು ಒಂದಕ್ಷರ ಬಿಡದೆ ಓದಿ ಹೇಳಿದಳು. ಬೇಡವೇ ಬೇಡ ಎಂದರು. ನಂಜಣ್ಣ ಅದಕ್ಕೂ ಬಗ್ಗಲಿಲ್ಲ. “ಅವ್ರ ಯಾಪಾರ ಕೆಡ್ತದಲ್ಲ, ಇನ್ನೇನಂದಾರು? ನನ್ನ ತಂಗಿ ತಂದ್ಕೊಟ್ಟಿದ್ದು ಅಂದ್ರೆ ನಿಂಗೆ ಮೊದ್ಲಿಂದ್ಲೂ ವಿಷ.”

ಮಾತು ತಂಗಿಯ ತನಕ ಬಂದರೆ ಗೆಲ್ಲುವುದುಂಟೇ? ಪ್ರೇಮಮ್ಮ ದಿನಾ ಎರಡು ಹೊತ್ತು ಗಂಡನೆದುರೇ ಪುಡಿ ಕದಡಿ, ಲೋಟ ಹಿಡಿದು ಹಿತ್ತಲಿಗೆ ಹೋಗಿ, ಕರಿಬೇವಿನ ಬುಡಕ್ಕೆ ಸುರಿಯತೊಡಗಿದಳು. ಗಿಡ ಏನೂ ಹೇಳಲಿಲ್ಲ. ಆ ಮನೆಗೆ ಬಂದು ಬೇರೂರಿದವರು ಯಾರೂ ಏನೂ ಹೇಳುವ ರೂಢಿಯಿಲ್ಲ.

ಎರಡು ತಿಂಗಳಿಗೆ ಆಶಾರಾಣಿ ಫೋನು ಹಿಡಿದುಕೊಂಡೇ ಬಂದಳು. “ಡಬ್ಬ ಖಾಲಿ ಆಗದೆ. ನೋಡಣ್ಣ, ಅತ್ತಿಗೆ ಮುಖದಲ್ಲಿ ಏನು ಕಳೆ. ಎಲ್ಡು ಮಾತು ಹೇಳಿ ಅತ್ತಿಗೆ, ಗ್ರೂಪಿಗೆ ಹಾಕ್ತೀನಿ.”

ನಿಜ ಹೇಳಿದರೆ ಇಡೀ ಡಬ್ಬದ ಕಥೆ ಹೊರಬರುತ್ತದೆ; ಆಮೇಲೆ ವರ್ಷಗಟ್ಟಲೆ ಕೇಳಬೇಕು. ಸುಳ್ಳಾದರೆ ಎರಡೇ ಮಾತು. ಪ್ರೇಮಮ್ಮ ಫೋನಿನ ಕಡೆ ನೋಡಿ, “ಚೆನ್ನಾಗದೆ. ನಂಗೆ ಗುಣ ಆಯ್ತು,” ಎಂದಳು.

ಹದಿನೈದು ದಿನಕ್ಕೆ ಬೆಟ್ಟದಪುರದಿಂದ ಅಕ್ಕ ಸುನಂದಮ್ಮನ ಫೋನು ಬಂತು. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಕೀಲುಜ್ವರ ಬಂದು ಇಬ್ಬರ ಹೃದಯವೂ ಕೆಟ್ಟಿತ್ತು. ಇಬ್ಬರಿಗೂ ಈಗ ಅದೇ ಮಾತ್ರೆ. (ತವರಿನಿಂದ ಸಮಪಾಲು ಸಿಕ್ಕಿದ್ದು ಅದೊಂದೇ.)

“ನಿನ್ನ ವಿಡಿಯೋ ನೋಡಿ ಆವತ್ತೇ ಪುಡಿ ತರಿಸ್ಕೊಂಡೆ ಕಣವ್ವ. ನಿಂಗೆ ಒಂದು ಚಮಚಕ್ಕೇ ಗುಣ ಆಯ್ತು ಅಂತ ನಾನು ಎಲ್ಡು ಹಾಕ್ಕೊತೀನಿ. ಹಲ್ಲುಜ್ಜುವಾಗ ಒಸಿ ರಕ್ತ ಬತ್ತದೆ. ಕೆಟ್ಟ ರಕ್ತ ಹೋಗ್ಲಿ ಬುಡಿ ಅಂದ್ಲು ನಿನ್ನ ನಾದಿನಿ.”

ಪ್ರೇಮಮ್ಮನಿಗೆ ತನ್ನ ವಾಲ್ವ್ ಟಿಕ್ ಟಿಕ್ ಎನ್ನುವುದು ಕಿವಿಗೇ ಕೇಳಿಸಿತು. “ಅಕ್ಕ, ಈಗ್ಲೇ ನಿಲ್ಸು. ನಾನು ಒಂದು ಚಮಚನೂ ತಿಂದಿಲ್ಲ. ಎಲ್ಲಾ ಗಿಡಕ್ಕೆ ಸುರ್ದೆ.”

“ಸುಮ್ಕಿರು. ನೀನು ಸುಳ್ಳು ಹೇಳೋಳಾ? ಪ್ರೇಮ ಹೇಳಿದ್ಮೇಲೆ ಮುಗೀತು ಅಂತ ನಮ್ಮಪ್ಪನೇ ಅನ್ನೋರು.”

“ವಿಡಿಯೋದಲ್ಲಿ ಹೇಳಿದ್ದೇ ಸುಳ್ಳು.”

“ಈಗ ಹೇಳ್ತಿರೋದು ಸುಳ್ಳು. ನೀನು ಮಾತ್ರ ಗುಣ ಆಗ್ಬೇಕು, ನಾನು ಆಗ್ಬಾರ್ದು, ಅಲ್ವಾ?”

ನಲವತ್ತೆಂಟು ವರ್ಷ ಕೂಡಿಟ್ಟ ಸತ್ಯವಂತೆ ಎಂಬ ಹೆಸರೆಲ್ಲ ಆ ಎರಡು ಮಾತಿಗೇ ಖರ್ಚಾಗಿಹೋಗಿತ್ತು. ನಿಜಕ್ಕೆಂದು ಏನೂ ಮಿಕ್ಕಿರಲಿಲ್ಲ. ಪ್ರೇಮಮ್ಮ ದನಿ ತಗ್ಗಿಸಿ ಹೇಳಿದಳು: “ಅಕ್ಕ, ಅದಕ್ಕೆ ಮೀನಿನ ಮೂಳೆ ಅರೆದು ಹಾಕ್ತಾರಂತೆ.”

ಸುನಂದಮ್ಮ ದಿನವೂ ಲಿಂಗಪೂಜೆ ಮಾಡುವವಳು. ಮೊಟ್ಟೆ ಹಾಕಿದ್ದಾರೆಂಬ ಅನುಮಾನಕ್ಕೆ ಬೇಕರಿಯ ಕೇಕನ್ನೂ ಮುಟ್ಟಿದವಳಲ್ಲ. ಆ ಕಡೆಯಿಂದ ಥೂ ಎಂದು ಉಗಿದ ಸದ್ದು ಕೇಳಿತು, ಆಮೇಲೆ ಡಬ್ಬ ಅಂಗಳಕ್ಕೆ ಬಿದ್ದ ಸದ್ದು.

ಹೊಟ್ಟೆ ತೊಳೆದುಕೊಡಿ ಎಂದು ಸುನಂದಮ್ಮ ಆ ಮಧ್ಯಾಹ್ನವೇ ಮೈಸೂರಿನ ಆಸ್ಪತ್ರೆಗೆ ಹೋದಳು. ಅವರು ಹೊಟ್ಟೆ ಬಿಟ್ಟು ರಕ್ತ ಪರೀಕ್ಷಿಸಿದರು. ಅದು ಇರಬೇಕಾದುದಕ್ಕಿಂತ ತೀರಾ ತೆಳ್ಳಗಾಗಿತ್ತು. ಮೂರು ದಿನ ಇಟ್ಟುಕೊಂಡು, ಇನ್ನೊಂದು ವಾರ ಕಳೆದಿದ್ದರೆ ಕಷ್ಟವಿತ್ತು ಎಂದು ಬೈದು ಕಳಿಸಿದರು.

ಅಕ್ಕ ಉಳಿದಳು. ಆದರೆ ಮೈಸೂರಿಗೆ ಬಸ್ಸು ಹತ್ತುವ ಮುಂಚೆ ಅವಳು ನಂಜಣ್ಣನಿಗೂ ಒಂದು ಫೋನು ಮಾಡಿದ್ದಳು.

“ಎಲ್ಡು ತಿಂಗಳು ಮೀನು ತಿಂದ್ಕೊಂಡು ನನ್ನ ದೇವರ ಕೋಣೆ ಗುಡ್ಸಿದ್ದೀಯಲ್ಲೇ,” ಎಂದ ನಂಜಣ್ಣ.

“ನಾನು ತಿಂದಿಲ್ಲ ಕಣ್ರೀ.”

“ವಿಡಿಯೋ ಅದೆ.”

“ತಂದ್ಕೊಟ್ಟಿದ್ದು ನಿಮ್ಮ ತಂಗಿ.”

“ಅವಳಿಗೇನು ಗೊತ್ತು, ಪಾಪ. ತಿಂದೋಳಿಗೆ ರುಚಿ ಗೊತ್ತಾಗ್ಬೇಕಿತ್ತು.”

ಪ್ರೇಮಮ್ಮನ ತಟ್ಟೆ ಲೋಟ ಜಗಲಿಗೆ ಬಂದವು. ಮೂರನೆಯ ದಿನ ನಂಜಣ್ಣ ತಾನೇ ಒಲೆ ಹಚ್ಚಿ, ಯಾರೋ ಹೇಳಿದ ಕಪ್ಪನೆಯ ಕಷಾಯ ಕಾಸಿ, ಲೋಟ ತುಂಬ ತಂದು ಕೈಗಿಟ್ಟ. ಹೊಟ್ಟೆಯೊಳಗಿನ ಮೈಲಿಗೆ ತೊಳೆಯಲು. “ನನ್ನೆದುರ್ಗೇ ಕುಡಿ.”

ಈ ಸಲ ಪ್ರೇಮಮ್ಮ ಹಿತ್ತಲಿಗೆ ಹೋಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ, ಅವನ ಮುಖ ನೋಡುತ್ತಲೇ ಲೋಟವನ್ನು ಅಂಗಳಕ್ಕೆ ಬಗ್ಗಿಸಿದಳು.

ಅಂದಿನಿಂದ ನಂಜಣ್ಣ ಮನೆಗೆ ಬಂದವರಿಗೆಲ್ಲ ದನಿ ತಗ್ಗಿಸಿ, ಹೆಂಡತಿಗೆ ಕೇಳುವಷ್ಟು ಮಾತ್ರ ತಗ್ಗಿಸಿ, ಹೇಳುತ್ತಾನೆ: “ರುಚಿ ಹತ್ತಿಬುಟ್ಟದೆ ಕಣ್ರೀ ಇವ್ಳಿಗೆ. ಶುದ್ಧ ಆಗಕ್ಕೇ ಒಪ್ಪಾಕಿಲ್ಲ.”